ಸೊನ್ನೆ ಸೊನ್ನೆ ಒಂದು

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ನಮ್ಮ ಕಡೆಯ ಹ್ಯಾಮ್ ರೇಡಿಯೊದವರಿಗೆಲ್ಲ ಇದು ಗೊತ್ತಿರುವ ಸಂಗತಿ. ನಾನು ಬಂಟ್ವಾಳದ ಕ್ಲಬ್ಬಿನವಳು. ಅವಳು ಮದುವೆಯಾಗಿ ಹೋದ ಮೇಲೆ ಮೂಡುಬಿದಿರೆಯ ಕ್ಲಬ್ಬಿನವಳು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ, ಒಂದು ಶನಿವಾರ ಮತ್ತು ಆದಿತ್ಯವಾರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೂರೂ ಕ್ಲಬ್ಬಿನವರು ಒಂದೊಂದು ಗುಡ್ಡ ಹತ್ತಿ, ಕಂಬ ನೆಟ್ಟು, ಕಾರಿನ ಬ್ಯಾಟರಿಯಲ್ಲಿ ರೇಡಿಯೊ ನಡೆಸಿ ಸ್ಪರ್ಧೆ ಮಾಡುತ್ತೇವೆ. ಯಾರು ಹೆಚ್ಚು ಜನರನ್ನು, ಹೆಚ್ಚು ದೂರದವರನ್ನು ಮಾತಾಡಿಸುತ್ತಾರೋ ಅವರು ಗೆದ್ದ ಹಾಗೆ. ಬಹುಮಾನಕ್ಕೆ ಒಂದು ಕಪ್ಪು ಇದೆ. ಅದರ ಒಂದು ಕಿವಿ ಯಾವಾಗಲೋ ಮುರಿದುಹೋಗಿದೆ. ಆ ಕಪ್ಪನ್ನು ಅವಳು ಎಷ್ಟು ಸಲ ಬೇಕಾದರೂ ತೆಗೆದುಕೊಂಡು ಹೋಗಲಿ. ನನ್ನ ಹೊಟ್ಟೆಕಿಚ್ಚು ಕಪ್ಪಿನದ್ದಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಬಳಸುವ ವಿ.ಎಚ್.ಎಫ್. ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುವ ಅಲೆ. ಎದುರಿಗೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ನಾವು ಗುಡ್ಡ ಹತ್ತುವುದು. ಮಾತಾಡಿಸಿದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಬೇಕು. ಮೊದಲು ಸಿಕ್ಕಿದವರಿಗೆ ಸೊನ್ನೆ ಸೊನ್ನೆ ಒಂದು, ಆಮೇಲಿನವರಿಗೆ ಸೊನ್ನೆ ಸೊನ್ನೆ ಎರಡು, ಹೀಗೆ ಸಾಲಾಗಿ. ಅವರೂ ತಮ್ಮ ಸಂಖ್ಯೆ ಕೊಡುತ್ತಾರೆ. ಇದರಲ್ಲೊಂದು ಸಂಕಟ ಇದೆ. ಎದುರಾಳಿ ಕೊಟ್ಟ ಸಂಖ್ಯೆ ಕಿವಿಗೆ ಬಿದ್ದ ಕೂಡಲೇ ಅವಳು ನಿಮಗಿಂತ ಎಷ್ಟು ಮುಂದಿದ್ದಾಳೆ ಎಂದು ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೂ ನಗುನಗುತ್ತಾ ಥ್ಯಾಂಕ್ಯೂ ಹೇಳಬೇಕು.

ನಮಗಿಬ್ಬರಿಗೂ ರೇಡಿಯೊ ಕಲಿಸಿದವರು ಒಬ್ಬರೇ ಮಾಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಬಂಟ್ವಾಳದಲ್ಲಿ ನಮ್ಮ ನೆರೆಮನೆಯವರು. ಅವರ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಅವರೇ ಕೈಯಲ್ಲಿ ಕಟ್ಟಿದ ರೇಡಿಯೊ. ಆ ಮೆಟ್ಟಿಲು ಮೊದಲು ಹತ್ತಿದವಳು ನಾನು. ತಂಗಿ ನನ್ನ ಚೂಡಿದಾರದ ತುದಿ ಹಿಡಿದುಕೊಂಡು ಹಿಂದೆ ಬಂದವಳು. ಅವಳಿಗೆ ಸೋಲ್ಡರಿಂಗ್ ಹಾಕಲು ಕಲಿಸಿದ್ದು ನಾನು. ಲೈಸೆನ್ಸ್ ಪರೀಕ್ಷೆಗೆ ಕೂತು ಓದಿಸಿದ್ದು ನಾನು. ಮೈಕು ಹಿಡಿದರೆ ಕೈ ನಡುಗುತ್ತದೆ ಎಂದಾಗ ಪಕ್ಕದಲ್ಲಿ ಕೂತು ಕೈ ಹಿಡಿದದ್ದೂ ನಾನೇ. ಇಲ್ಲದಿದ್ದರೆ ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಮೂಗಿಯ ಹಾಗೆ ಕೂತಿರುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ.

ಮಾಷ್ಟ್ರ ಮೊದಲ ಪಾಠ ಮೈಕಿನ ಗುಂಡಿಯದು. "ಒತ್ತಿದ್ರೆ ಬಾಯಿ, ಬಿಟ್ರೆ ಕಿವಿ. ಎರಡೂ ಒಟ್ಟಿಗೆ ಇಲ್ಲ" ಎನ್ನುತ್ತಿದ್ದರು. ಬರೇ ಕೇಳಿಸಿಕೊಂಡು ಕೂರುವುದು ನನ್ನಿಂದಾಗುವ ಕೆಲಸವಲ್ಲ. ಮೊದಲ ವಾರವೇ ಗುಂಡಿ ಒತ್ತಿದೆ. ಅವರು ಬೈಯಲಿಲ್ಲ, ನಕ್ಕರು. "ಇವಳಿಗೆ ಬಾಯಿ ಉಂಟು" ಎಂದು ಹೆಂಡತಿಗೆ ಹೇಳಿದರು. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಮಾಷ್ಟ್ರದ್ದು ಇನ್ನೊಂದು ಅಭ್ಯಾಸ. ರೇಡಿಯೊದಲ್ಲಿ ಪ್ರತಿಯೊಬ್ಬರಿಗೂ ಸರಕಾರ ಕೊಟ್ಟ ಒಂದು ಕರೆಗುರುತು ಇರುತ್ತದೆ, ಕೆಲವು ಇಂಗ್ಲಿಷ್ ಅಕ್ಷರಗಳು. ಅಕ್ಷರ ತಪ್ಪಾಗದಿರಲಿ ಎಂದು ಲೋಕದವರೆಲ್ಲ ಅದನ್ನು ಇಂಗ್ಲಿಷ್ ಪದಗಳಲ್ಲಿ ಬಿಡಿಸಿ ಹೇಳುತ್ತಾರೆ. ಮಾಷ್ಟ್ರು ಮಾತ್ರ ನಮ್ಮ ಕೊನೆಯ ಎರಡು ಅಕ್ಷರಕ್ಕೆ ಕನ್ನಡದ ಹೆಸರಿಟ್ಟಿದ್ದರು. ನನ್ನದು ಎಂ, ಟಿ, ಹಾಗಾಗಿ ನಾನು ಮಲ್ಲಿಗೆ-ತೊಂಡೆಕಾಯಿ. ತಂಗಿ ಪಪ್ಪಾಯಿ-ನೀರುಳ್ಳಿ. ಮನೆಯಲ್ಲಿ ನಮ್ಮದೆಲ್ಲ ತುಳು. ಆದರೂ ಗಾಳಿಯಲ್ಲಿ ತೇಲಿ ಬರುವ ಆ ಮಲ್ಲಿಗೆ-ತೊಂಡೆಕಾಯಿಯಷ್ಟು ಆಪ್ತವಾಗಿ ನನ್ನನ್ನು ಇನ್ಯಾರೂ ಯಾವ ಭಾಷೆಯಲ್ಲೂ ಕರೆದದ್ದಿಲ್ಲ. ಗಂಡನೂ ಸೇರಿ.

ನಿವೃತ್ತಿಯಾದ ಮೇಲೆ ಮಾಷ್ಟ್ರು ಬೆಳ್ತಂಗಡಿಗೆ ಮಗಳ ಮನೆಗೆ ಹೋದರು. ಗುಡ್ಡ ಹತ್ತುವ ಕಾಲು ಈಗ ಅವರಿಗಿಲ್ಲ. ಸ್ಪರ್ಧೆಯ ಆದಿತ್ಯವಾರ ಕೊನೆಯ ಗಂಟೆಯಲ್ಲಿ, ಮಧ್ಯಾಹ್ನದ ಗಂಜಿ ಉಂಡು ಕೈತೊಳೆದು, ಮನೆಯಲ್ಲೇ ರೇಡಿಯೊ ಹಚ್ಚುತ್ತಾರೆ. ನಾವೆಲ್ಲ ಅವರನ್ನು ಕೂಗುತ್ತೇವೆ, ಅವರು ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆದು ಸಂಖ್ಯೆ ಕೊಡುತ್ತಾರೆ. ನಾಲ್ಕೈದು ಜನ ಆದ ಮೇಲೆ ಬಂದ್ ಮಾಡಿ ಮಲಗುತ್ತಾರೆ. ಅವರ ಸೊನ್ನೆ ಸೊನ್ನೆ ಒಂದಕ್ಕೂ ಸೊನ್ನೆ ಸೊನ್ನೆ ನಾಲ್ಕಕ್ಕೂ ಅಂಕ ಒಂದೇ, ಒಂದು ಕಾಸಿನ ವ್ಯತ್ಯಾಸವಿಲ್ಲ. ಆದರೆ ಆ ಒಂದು ನನ್ನದು. ಶುರುವಿನಿಂದಲೂ ನನ್ನದೇ ಆಗಿತ್ತು. ನಾನು ಕೂಗುವಾಗ ಬೇರೆಯವರು ಸುಮ್ಮನಿರುತ್ತಿದ್ದರು. ಹಾಗೆಂದು ಯಾರೂ ಮಾತಾಡಿಕೊಂಡದ್ದಿಲ್ಲ, ಅಷ್ಟು ಸಹಜವಾಗಿ ನಡೆದುಕೊಂಡು ಬಂದಿತ್ತು.

ಒಂದು ವರ್ಷ ಅವರು ಅದನ್ನು ತಂಗಿಗೆ ಕೊಟ್ಟುಬಿಟ್ಟರು. ನನಗೆ ಎರಡು ಕೊಟ್ಟರು. ಎರಡು! ನನ್ನ ಹೊಟ್ಟೆ ಹೇಗೆ ಉರಿಯಿತು ಎಂದರೆ, ಆ ರಾತ್ರಿ ಊಟಕ್ಕೆ ಕೂತವಳು ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಗಂಡನ ಮೇಲೆ ಹಾರಾಡಿದೆ. ಪಲ್ಯ ಮಾಡಿದವಳು ನಾನೇ. ಒಂದು ವಾರ ತಂಗಿಯ ಫೋನು ಎತ್ತಲಿಲ್ಲ. ಅವಳು ಯಾರದೋ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಿದಳು. ಹಪ್ಪಳ ಕಾಯಿಸಿ ತಿಂದೆ. ಫೋನು ಮಾತ್ರ ಎತ್ತಲಿಲ್ಲ.

ಮರುವರ್ಷ, ಸ್ಪರ್ಧೆಗೆ ಕೆಲವು ವಾರ ಇರುವಾಗ, ಬಿ.ಸಿ. ರೋಡಿನ ನನ್ನ ಜೆರಾಕ್ಸ್ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಒಂದು ಚಿಪ್ಪು ಕದಳಿ ಹಣ್ಣು ಹಿಡಿದುಕೊಂಡು ಬೆಳ್ತಂಗಡಿಗೆ ಹೋದೆ. ಮಾಷ್ಟ್ರನ್ನು ನೋಡಿಕೊಂಡು ಬರುವುದು ನೆಪ. ನಾನಿದ್ದೇನೆ ಎಂದು ನೆನಪಿಸಿ ಬರಬೇಕಿತ್ತು.

"ಬಾ ಬಾ, ಬಿಸಿಲಲ್ಲಿ ಬಂದದ್ದಾ?" ಎಂದು ಮಾಷ್ಟ್ರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ಲೋಟ ಎತ್ತಿ ತಲೆ ಮೇಲೆ ಮಾಡುವಾಗ ಗೋಡೆಯ ಗಡಿಯಾರ ಕಂಡಿತು. ಹೊಸದು. ಒಂದರಿಂದ ಇಪ್ಪತ್ನಾಲ್ಕರವರೆಗೆ ಅಂಕೆ ಇದ್ದ, ರೇಡಿಯೊದವರು ಇಟ್ಟುಕೊಳ್ಳುವಂಥ ಗಡಿಯಾರ.

"ಚಂದ ಉಂಟಲ್ಲ ಅಮ್ಮಾ. ಎಲ್ಲಿಂದ ತಂದದ್ದು?"

"ನಿನ್ನ ತಂಗಿ ತಂದದ್ದು ಮಾರಾಯ್ತಿ. ಅವಳೇ ಸ್ಟೂಲು ಹತ್ತಿ ಆಣಿ ಹೊಡೆದು ಹೋದದ್ದು. ಇವ್ರಿಗೆ ದಿನಕ್ಕೆ ಹತ್ತು ಸಲ ಅದನ್ನು ನೋಡುದೇ ಕೆಲಸ ಈಗ."

ನನ್ನ ಬಾಳೆಹಣ್ಣಿನ ಚಿಪ್ಪು ಮೇಜಿನ ಮೇಲೆ ಅನಾಥವಾಗಿ ಕೂತಿತ್ತು. ಸ್ಟೂಲು ಹತ್ತಿ ಆಣಿ ಹೊಡೆದಳಂತೆ! ಮನೆಯಲ್ಲಿ ಬಲ್ಬು ಬದಲಿಸಲು ಗಂಡನನ್ನು ಕರೆಯುವವಳು.

ಮಾಷ್ಟ್ರು ಒಳಗಿನಿಂದ ನಿಧಾನಕ್ಕೆ ಬಂದು ಕೂತರು. ಕಿವಿಯಲ್ಲಿ ಮೆಷಿನು. ಕುರ್ಚಿಯ ಕೈ ಹುಡುಕಿ ಹಿಡಿಯಲಿಕ್ಕೇ ಅವರಿಗೆ ಹೊತ್ತು ಬೇಕಾಗುತ್ತಿತ್ತು. ಮಾತೂ ಹಾಗೆಯೇ, ನಾವೊಂದು ಕೇಳಿದ ಮೇಲೆ ಸ್ವಲ್ಪ ತಡೆದು ಉತ್ತರ.

"ಕಿವಿ ಹೋಯ್ತು ಮಗಾ" ಎಂದರು. "ಈ ವರ್ಷ ಒಂದು ಸಲ ಕೂತುಕೊಳ್ತೇನೆ. ಮತ್ತೆ ಸಾಕು. ರೇಡಿಯೊ ಎಲ್ಲ ಕಟ್ಟಿ ಇಡು ಅಂತ ಮಗಳಿಗೆ ಹೇಳಿದ್ದೇನೆ."

ನನಗೆ ಬೇಜಾರಾಯಿತು. ನಿಜವಾಗಿಯೂ ಆಯಿತು. ಆದರೆ ಬಾಯಿಂದ ಬಂದ ಮಾತು ಬೇರೆ. "ತಂಗಿಗೆ ಗೊತ್ತುಂಟಾ ಇದು?"

"ಅವಳಿಗೆ ಆಗಲೇ ಹೇಳಿ ಆಗಿದೆ" ಎಂದರು ಮಾಷ್ಟ್ರ ಹೆಂಡತಿ. "ಗಡಿಯಾರ ತಂದ ದಿನವೇ."

ವಾಪಸು ಬರುವ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಕಪ್ಪು ಅವಳಿಗಿರಲಿ, ಗಡಿಯಾರದ ಹೊಗಳಿಕೆಯೂ ಅವಳಿಗೇ ಇರಲಿ. ಮಾಷ್ಟ್ರ ಕೊನೆಯ ಸೊನ್ನೆ ಸೊನ್ನೆ ಒಂದು ನನಗೆ ಬೇಕು. ಅದು ಇನ್ನೊಮ್ಮೆ ಹುಟ್ಟುವ ಸಂಖ್ಯೆಯಲ್ಲ.

ಬಂಟ್ವಾಳದ ಕ್ಲಬ್ಬಿನಲ್ಲಿ ಗುಡ್ಡಕ್ಕೆ ಹೋಗುವವರು ನಾವಿಬ್ಬರೇ. ನಾನು ಮತ್ತು ಹಾರ್ಡ್‌ವೇರ್ ಅಂಗಡಿಯ ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವರು, ಸಿಟ್ಟು ಎಂದರೇನೆಂದು ಗೊತ್ತಿಲ್ಲದ ಮನುಷ್ಯ. ನಾವು ಯಾವಾಗಲೂ ಹೋಗುತ್ತಿದ್ದದ್ದು ವಿಟ್ಲದ ಕಡೆಯ ಒಂದು ಗುಡ್ಡಕ್ಕೆ. ಆ ವರ್ಷ ನಾನು ಹಟ ಹಿಡಿದು ವಾಮದಪದವಿನ ಹತ್ತಿರದ ಒಂದು ಬೋಳು ಪದವಿಗೆ, ಗುಡ್ಡದ ಚಪ್ಪಟೆ ತಲೆಗೆ, ಅವರನ್ನು ಹತ್ತಿಸಿದೆ. ಮುರಕಲ್ಲು ಹಾಸಿದ ಬಯಲು, ಒಂದು ಮರದ ನೆರಳಿಲ್ಲ. ಆದರೆ ಬೆಳ್ತಂಗಡಿಯ ದಿಕ್ಕು ಪೂರ್ತಿ ತೆರೆದಿತ್ತು.

"ವಿಟ್ಲದ ಗುಡ್ಡ ಬಿಟ್ಟು ಇಲ್ಲಿಗೆ ಎಂಥಕ್ಕೆ ಮಾರಾಯ್ತಿ?" ಅಣ್ಣ ಕಂಬ ಹೊತ್ತುಕೊಂಡು ಏದುಸಿರು ಬಿಡುತ್ತಾ ಕೇಳಿದರು. "ಅಲ್ಲಿಂದ ಕಾಸರಗೋಡಿನವ್ರೆಲ್ಲ ಸಾಲಾಗಿ ಸಿಗ್ತಿದ್ರು."

"ಇಲ್ಲಿ ಗಾಳಿ ಉಂಟು ಅಣ್ಣ."

"ಗಾಳಿ ತಿನ್ಲಿಕ್ಕೆ ಬಂದದ್ದಾ ನಾವು?"

ಅವರಿಗೆ ವಿಷಯ ಗೊತ್ತಾಗದೆ ಇರುವುದುಂಟೇ. ಗೊತ್ತಿದ್ದೂ ಕಂಬ ನೆಟ್ಟರು. ಮೂರು ಕಡೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಲ್ಲು ಹೇರಿ ನಿಲ್ಲಿಸಿದೆವು. ನಮ್ಮ ಆಂಟೆನಾ ಹಳೆಯ ಕಾಲದ ಟಿವಿ ಆಂಟೆನಾದಂಥದ್ದೇ, ಸ್ವಲ್ಪ ದೊಡ್ಡದು. ಅದರ ಅಲ್ಯುಮಿನಿಯಂ ಕಡ್ಡಿಗಳು ಯಾವ ಕಡೆಗೆ ಮುಖ ಮಾಡಿವೆಯೋ ಆ ಕಡೆಯವರು ಚೆನ್ನಾಗಿ ಕೇಳುತ್ತಾರೆ. ವಾಮದಪದವಿನ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದೆವು. ತಿಂದು, ಚಹಾ ಕುಡಿದು, ಶನಿವಾರದ ಆಟ ಶುರು ಮಾಡಿದೆವು.

ಮಧ್ಯಾಹ್ನ ದಾಟಿದ ಮೇಲೆ ಮೂಡುಬಿದಿರೆ ಸಿಕ್ಕಿತು. ಅವಳೇ ಮೈಕಿನಲ್ಲಿದ್ದಳು. ನಾನು ಅವಳಿಗೆ ಮೂವತ್ತೆರಡು ಕೊಟ್ಟೆ. ಅವಳು ನನಗೆ ಐವತ್ತೊಂದು ಕೊಟ್ಟಳು. ಐವತ್ತೊಂದು! ಅದೂ ಎಂಥ ಮೆತ್ತಗಿನ ದನಿಯಲ್ಲಿ, ಹೆಚ್ಚಾಯಿತೇನೋ ಎಂದು ನಾಚಿಕೊಂಡವಳ ಹಾಗೆ.

"ಕೇಳಿಸ್ತಾ ಅಕ್ಕಾ? ಇನ್ನೊಮ್ಮೆ ಹೇಳ್ಲಾ?"

"ಕೇಳಿಸ್ತು. ನನ್ನ ಕಿವಿ ಸರಿ ಉಂಟು" ಎಂದೆ.

ಅಣ್ಣ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ನನ್ನ ಮುಖ ನೋಡಿ, ಒಂದು ಗೋಳಿಬಜೆ ನನ್ನ ಕಡೆ ದೂಡಿದರು.

ಆದಿತ್ಯವಾರ ಬೆಳಿಗ್ಗೆಯೂ ಅದೇ ಕತೆ. ಮೂಡುಬಿದಿರೆಯವರು ತಮ್ಮ ಕಡೆಯ ಒಂದು ದೊಡ್ಡ ಬಂಡೆಯ ತಲೆಯಲ್ಲಿ ಕೂತಿದ್ದರು, ಅವರಿಗೆ ನಾಲ್ಕು ದಿಕ್ಕೂ ತೆರೆದಿತ್ತು. ಅವಳನ್ನು ಮಂಗಳೂರಿನವರು ಕೂಗುತ್ತಿದ್ದರು, ಕಾರ್ಕಳದವರು ಕೂಗುತ್ತಿದ್ದರು, ಹೊಸದಾಗಿ ಲೈಸೆನ್ಸ್ ಆದ ಹುಡುಗಿಯರು "ಮೇಡಂ, ನಿಮ್ಮ ಸಿಗ್ನಲ್ ಸೂಪರ್" ಎನ್ನುತ್ತಿದ್ದರು. ಅವಳು ಎಲ್ಲರಿಗೂ ಅದೇ ಮೆತ್ತಗಿನ ದನಿಯಲ್ಲಿ ಸಂಖ್ಯೆ ಹಂಚುತ್ತಿದ್ದಳು, ಮದುವೆಮನೆಯಲ್ಲಿ ಹೂವು ಕೊಟ್ಟ ಹಾಗೆ. ಮೇಡಂ ಅಂತೆ! ಅವಳ ಆ ದನಿಯನ್ನೂ ನಾನೇ ತಿದ್ದಿದ್ದು. ಮೊದಲು ಅವಳು ಮಾತಾಡಿದರೆ ಸೊಳ್ಳೆ ಹಾರಿದಂತೆ ಕೇಳುತ್ತಿತ್ತು.

ಕೊನೆಯ ಗಂಟೆ ಹತ್ತಿರವಾದಾಗ ನಾನು ಆಂಟೆನಾವನ್ನು ಬೆಳ್ತಂಗಡಿಯ ಕಡೆ ತಿರುಗಿಸಲು ಹೇಳಿದೆ. ಅಷ್ಟೇ ಅಲ್ಲ, ಅಡ್ಡ ಮಲಗಿದ್ದ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಲು ಹೇಳಿದೆ. ಸ್ಪರ್ಧೆಯವರೆಲ್ಲ ಕಡ್ಡಿ ಅಡ್ಡ ಇಡುತ್ತಾರೆ. ಮಾಷ್ಟ್ರ ಮನೆಯ ತಾರಸಿಯಲ್ಲಿರುವುದು ಒಂದೇ ಒಂದು ನೆಟ್ಟನೆಯ ಕಡ್ಡಿ. ನಮ್ಮದೂ ನೆಟ್ಟಗಿದ್ದರೆ ಅವರ ದನಿ ಗಟ್ಟಿ ಸಿಗುತ್ತದೆ. ಬೇರೆ ಎಲ್ಲರ ದನಿ ಕುಗ್ಗಿಹೋಗುತ್ತದೆ.

"ಇನ್ನೂ ಒಂದು ಗಂಟೆ ಉಂಟಲ್ಲ ಮಾರಾಯ್ತಿ. ಹತ್ತು ಜನ ಸಿಗ್ತಾರೆ ಈಗ. ನಮ್ಮ ಪಾಯಿಂಟೆಲ್ಲ ಹೊಳೆಗೆ ಹಾಕುದಾ?"

"ಹಾಕಿ ಅಣ್ಣ."

ಅವರು ಕಂಬ ಇಳಿಸಿ, ಕಡ್ಡಿ ತಿರುಗಿಸಿ, ಮತ್ತೆ ಏರಿಸಿದರು. ಆಗಲೇ ಗಾಳಿ ಎದ್ದಿತು. ಪಡುವಣದಿಂದ ಬೀಸುವ ಮಧ್ಯಾಹ್ನದ ಗಾಳಿ. ಒಂದು ಹಗ್ಗ ಸಡಿಲವಾಗಿ ಕಂಬ ವಾಲತೊಡಗಿತು. ಅಣ್ಣ ಓಡಿಹೋಗಿ ಎರಡೂ ಕೈಯಲ್ಲಿ ಕಂಬವನ್ನು ತಬ್ಬಿಕೊಂಡು ನಿಂತರು. "ನೀನು ಕೂಗು, ನಾನು ಹಿಡ್ಕೊಳ್ತೇನೆ" ಎಂದರು. ಆ ಬಿಸಿಲಿನಲ್ಲಿ, ನನ್ನ ಒಂದು ಸಂಖ್ಯೆಗಾಗಿ.

ನಾನು ಇಯರ್‌ಫೋನ್ ಹಾಕಿಕೊಂಡು ಕೂಗಲು ಶುರು ಮಾಡಿದೆ. ಮಾಷ್ಟ್ರ ಕರೆಗುರುತು ಹೇಳುವುದು, ನನ್ನದು ಹೇಳುವುದು, ಗುಂಡಿ ಬಿಡುವುದು. ಬಿಟ್ಟರೆ ಬರೇ ಸುಯ್ಯೆನ್ನುವ ಸದ್ದು. ಆ ಸದ್ದಿನೊಳಗೆ ಅವಳ ಮೆತ್ತಗಿನ ದನಿ ಬಂದುಬಿಟ್ಟರೆ? ನಾನು ಸುಮ್ಮನಿದ್ದ ಒಂದು ಗಳಿಗೆಯಲ್ಲಿ ಅವಳು ನುಸುಳಿಬಿಟ್ಟರೆ? ಹೋದ ವರ್ಷ ಹಾಗೆಯೇ ಆಗಿರಬೇಕು. ನಾನು ಚಹಾ ಕುಡಿಯಲು ಮೈಕು ಕೆಳಗಿಟ್ಟಿದ್ದೆ, ಅಷ್ಟರಲ್ಲಿ ಹೊಡೆದುಕೊಂಡಿದ್ದಳು. ಈ ಸಲ ಆ ಸಂದು ಕೊಡುವುದಿಲ್ಲ ಎಂದು ಮತ್ತೆ ಒತ್ತಿದೆ. ಕೂಗಿದೆ. ಉಸಿರು ತೆಗೆದುಕೊಳ್ಳುವಷ್ಟು ಬಿಟ್ಟು ಮತ್ತೆ ಒತ್ತಿದೆ.

"ನಿನ್ನ ಬ್ಯಾಗು ಬಡ್ಕೊಳ್ತಾ ಉಂಟು" ಎಂದು ಅಣ್ಣ ಕಂಬದ ಬುಡದಿಂದ ಕೂಗಿದರು. ಫೋನು ತೆಗೆದು ನೋಡಿದರೆ ತಂಗಿ. ಸ್ಪರ್ಧೆಯ ನಡುವೆ ಫೋನು ಮಾಡುತ್ತಾಳೆ, ನನ್ನ ಗಮನ ತಪ್ಪಿಸಲು! ಮೈಯೆಲ್ಲ ಉರಿದುಹೋಯಿತು. ಫೋನನ್ನು ಮುರಕಲ್ಲಿನ ಮೇಲೆ ಬೋರಲು ಹಾಕಿ, ಇನ್ನೂ ಗಟ್ಟಿಯಾಗಿ ಕೂಗಿದೆ. ಫೋನು ಕಲ್ಲಿನ ಮೇಲೆ ಗುರ್ರೆಂದು ತಿರುಗುತ್ತಲೇ ಇತ್ತು.

ಕೊನೆಗೆ ಕೆಮ್ಮು ಬಂತು. ಕೆಮ್ಮುತ್ತಾ ಗುಂಡಿ ಬಿಟ್ಟೆ. ಆಗ ಮಾಷ್ಟ್ರ ದನಿ ಕೇಳಿತು. ಎಷ್ಟು ಸ್ಪಷ್ಟವಾಗಿ ಎಂದರೆ ಎದುರಿಗೆ ಕೂತು ಹೇಳಿದ ಹಾಗೆ.

"ಪಪ್ಪಾಯಿ-ನೀರುಳ್ಳಿ, ಪಪ್ಪಾಯಿ-ನೀರುಳ್ಳಿ. ನಿನಗೆ ಸೊನ್ನೆ ಸೊನ್ನೆ ಒಂದು."

ಇಯರ್‌ಫೋನ್ ಕಿತ್ತು ಬಿಸಾಡಿದೆ. ಎದ್ದು ನಡೆದೆ. ಎಲ್ಲಿಗೆ ಹೋಗುವುದು, ಆ ಬೋಳು ಪದವಿನಲ್ಲಿ ಮುಖ ಮುಚ್ಚಿಕೊಳ್ಳಲು ಒಂದು ಪೊದೆ ಕೂಡ ಇಲ್ಲ. ಹಿಂದಿನಿಂದ ಅಣ್ಣ ಕೂಗಿದರು, "ಎರಡಾದ್ರೂ ತಕೋ ಮಾರಾಯ್ತಿ! ನನ್ನ ಕೈ ಬಿದ್ದುಹೋಗ್ತಾ ಉಂಟು!"

ಅವರ ಕೈಗಾಗಿ ವಾಪಸು ಬಂದೆ. ಕೂಗಿದೆ. ಸ್ವಲ್ಪ ಹೊತ್ತು ಬಿಟ್ಟು ಮಾಷ್ಟ್ರು ಬಂದರು. "ಮಲ್ಲಿಗೆ-ತೊಂಡೆಕಾಯಿ, ನಿನಗೆ ಸೊನ್ನೆ ಸೊನ್ನೆ ಎರಡು. ಎಲ್ಲಿದ್ದೆ ಮಗಾ ಇಷ್ಟು ಹೊತ್ತು?"

ಎಲ್ಲಿದ್ದೆ ಅಂತೆ! ಗಂಟಲು ಹರಿಯುವಷ್ಟು ಕೂಗುತ್ತಾ ಇಲ್ಲೇ ಇದ್ದೆ. ಅದನ್ನು ಹೇಳಲಿಲ್ಲ. ಥ್ಯಾಂಕ್ಯೂ ಮಾಷ್ಟ್ರೇ ಎಂದೆ, ಅಷ್ಟೇ. ನಾವು ಆ ವರ್ಷ ಮೂರನೆಯವರು. ಇದ್ದದ್ದೇ ಮೂರು ಕ್ಲಬ್ಬು.

ಮುಂದಿನ ಆದಿತ್ಯವಾರ ಬೆಳ್ತಂಗಡಿಯಲ್ಲಿ ಮಾಷ್ಟ್ರ ಮನೆಯಲ್ಲೇ ಎಲ್ಲರಿಗೂ ಊಟ. ಕಪ್ಪು ಕೊಡುವುದು, ಮಾಷ್ಟ್ರಿಗೆ ಒಂದು ಶಾಲು ಹೊದಿಸುವುದು. ಅವರ ರೇಡಿಯೊವನ್ನು ಮಗಳು ಆಗಲೇ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದಳು. ಮೇಜು ಖಾಲಿ, ಮೇಲೆ ತಂಗಿಯ ಗಡಿಯಾರ. ಶಾಲು ಹೊದಿಸುವಾಗ ಯಾರೋ "ಕೊನೆಯ ಸೊನ್ನೆ ಸೊನ್ನೆ ಒಂದರವರು ಮುಂದೆ ಬರಲಿ" ಎಂದು ತಂಗಿಯನ್ನು ಮಾಷ್ಟ್ರ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ನಾನು ಪಾಯಸದ ಲೋಟ ಹಿಡಿದು ನೋಡಿದೆ, ನೋಡಿದೆ, ತಡೆಯಲಾಗಲಿಲ್ಲ.

"ಮಾಷ್ಟ್ರಿಗೆ ಈಗ ಅವಳೇ ಆಯ್ತಲ್ಲ" ಎಂದುಬಿಟ್ಟೆ. ಗಟ್ಟಿಯಾಗಿಯೇ. "ಗಡಿಯಾರ ತಂದವರಿಗೆ ಒಂದು, ಬಾಳೆಹಣ್ಣು ತಂದವರಿಗೆ ಎರಡು."

ಅಣ್ಣ ತಲೆ ಬಗ್ಗಿಸಿ ಪಾಯಸದ ಗೋಡಂಬಿ ಹುಡುಕತೊಡಗಿದರು. ಮಾಷ್ಟ್ರಿಗೆ ನನ್ನ ಬಾಯಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. "ಎಂಥ? ಎಂಥ ಹೇಳಿದ್ದು ಅವಳು?" ಎಂದು ತಂಗಿಯನ್ನು ಕೇಳಿದರು. ತಂಗಿ ಅವರ ಕಿವಿಯ ಹತ್ತಿರ ಬಗ್ಗಿ, "ಪಾಯಸ ಚಂದ ಆಗಿದೆ ಅಂತೆ ಮಾಷ್ಟ್ರೇ" ಎಂದಳು. ಅವರು ನನ್ನ ಕಡೆ ನೋಡಿ ನಕ್ಕು, ಇನ್ನೂ ಹಾಕಿಸಿಕೋ ಎಂದು ಕೈಸನ್ನೆ ಮಾಡಿದರು.

ನಾನು ಚಪ್ಪಲಿ ಮೆಟ್ಟಿ ಹೊರಟೆ. ತಂಗಿ ಗೇಟಿನವರೆಗೆ ಹಿಂದೆ ಬಂದಳು.

"ಅಕ್ಕಾ, ಮಾಷ್ಟ್ರು ಮೊದ್ಲು ಕರೆದದ್ದು ನಿನ್ನನ್ನೇ."

"ಸುಳ್ಳು ಹೇಳ್ಬೇಡ."

"ನಮ್ಮ ಕ್ಲಬ್ಬಿನವ್ರು ಎಲ್ಲ ರೆಕಾರ್ಡ್ ಮಾಡಿ ಇಡ್ತಾರೆ. ಕಳಿಸ್ತೇನೆ, ಕೇಳು. ಮತ್ತೆ ಬೇಕಾದ್ರೆ ನನ್ನನ್ನು ಬೈ."

ಬಿ.ಸಿ. ರೋಡಿನ ಬಸ್ಸು ಹತ್ತಿ ಕಿಟಕಿಯ ಬದಿಯಲ್ಲಿ ಕೂತೆ. ವಾಟ್ಸಾಪಿನಲ್ಲಿ ಅದು ಬಂದಿತ್ತು. ತೆರೆಯಬಾರದು ಎಂದುಕೊಂಡೆ. ಎರಡು ಸ್ಟಾಪು ದಾಟುವುದರೊಳಗೆ ತೆರೆದೆ.

ಮೊದಲು ಕೇಳಿದ್ದು ನನ್ನದೇ ದನಿ. ಆ ಬಂಡೆಯ ತಲೆಯಲ್ಲಿ ಕೂತವರಿಗೆ ನಾನು ಹೇಗೆ ಕೇಳುತ್ತೇನೆ ಎಂದು ಅವತ್ತೇ ಗೊತ್ತಾದದ್ದು. ಬಸ್ ಸ್ಟ್ಯಾಂಡಿನಲ್ಲಿ ಜಗಳಕ್ಕೆ ನಿಂತವಳಂತೆ ಮಾಷ್ಟ್ರನ್ನು ಕೂಗುತ್ತಿದ್ದೇನೆ. ಕೂಗು ನಿಲ್ಲುತ್ತದೆ. ಒಂದು ಚಿಕ್ಕ ಸಂದು. ಆ ಸಂದಿನ ತುದಿಯಲ್ಲಿ, ನಿಧಾನದ ಕೈಯಿಂದ ಗುಂಡಿ ಹುಡುಕಿ ಒತ್ತಿದ ಮೇಲೆ, ಮಾಷ್ಟ್ರ ದನಿ ಬರುತ್ತದೆ. "ಮಲ್ಲಿಗೆ..." ಅದರ ಮೇಲೆ ನನ್ನ ದನಿ ಬಂದು ಕೂರುತ್ತದೆ. ಮತ್ತೆ ಸಂದು. "ಮಲ್ಲಿಗೆ-ತೊಂಡೆಕಾಯಿ, ನಿನಗೆ..." ಮತ್ತೆ ನಾನು. ಮೂರನೆಯ ಸಲ ಅವರು, "ಮಗಾ, ಗುಂಡಿ ಬಿಡು. ನಾನು ಇದ್ದೇನೆ" ಎನ್ನುತ್ತಾರೆ. ಅದರ ಮೇಲೂ ನಾನೇ.

ನಡುವೆ ಮೂಡುಬಿದಿರೆಯವರು ತಮ್ಮತಮ್ಮಲ್ಲೇ ಆಡಿದ ಮಾತೂ ಅದರಲ್ಲಿ ಸೇರಿಕೊಂಡಿತ್ತು.

"ಮೇಡಂ, ನೀವು ಕರೀರಿ. ಅವರಿಗೆ ನಿಮ್ದು ಸಿಗ್ತದೆ" ಎಂದು ಯಾರೋ ಗಂಡಸು.

"ನಿಲ್ಲಿ ಮಾರಾಯ್ರೆ. ಅವರು ಅಕ್ಕನನ್ನು ಕರೀತಾ ಇದ್ದಾರೆ." ಇದು ತಂಗಿ.

"ನಿಮ್ಮ ಅಕ್ಕನಿಗೆ ಕೇಳುದಿಲ್ವಲ್ಲ."

"ಕೇಳ್ತದೆ. ಬರ್ತಾಳೆ. ಸ್ವಲ್ಪ ತಡೀರಿ, ಫೋನು ಮಾಡ್ತೇನೆ."

ಆಮೇಲೆ ಬರೇ ಗಾಳಿಯ ಸದ್ದು, ನನ್ನ ಕೂಗು, ಮಾಷ್ಟ್ರ ಅರ್ಧರ್ಧ ಮಲ್ಲಿಗೆ. ಅವಳು ಮೈಕು ಕೈಯಲ್ಲಿ ಹಿಡಿದುಕೊಂಡು ಒಮ್ಮೆಯೂ ಗುಂಡಿ ಒತ್ತದೆ ಕೂತಿದ್ದಾಳೆ. "ಎತ್ತುದಿಲ್ಲ ಅವಳು" ಎನ್ನುತ್ತಾಳೆ, ಅಳು ಬಂದವಳ ಹಾಗೆ. ಕೊನೆಗೆ, ಅವಳು ಕೂಗದೆಯೇ, ಮಾಷ್ಟ್ರೇ ಸೋತು ಪಪ್ಪಾಯಿ-ನೀರುಳ್ಳಿ ಎಂದರು.

ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಇನ್ನೊಮ್ಮೆ ಹಾಕಿದೆ. ಮತ್ತೊಮ್ಮೆ ಹಾಕಿದೆ. ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು, ಅಲ್ಲವೇ? ಆರಲಿಲ್ಲ. ಹೆಚ್ಚಾಯಿತು. ಮಾಷ್ಟ್ರು ಕೊನೆಯ ಸಲ ನನ್ನನ್ನು ಮೊದಲಾಗಿ ಕರೆದ ಹೊತ್ತಿಗೆ ಅದು ನೇರ ಹೋಗಿ ಬಿದ್ದದ್ದು ಅವಳ ಕಿವಿಗೆ. ನನಗೆ ಸಿಕ್ಕಿದ್ದು ಫೋನಿನಲ್ಲಿ, ಒಂದು ವಾರ ಕಳೆದು, ಅದೂ ಅವಳು ಕಳಿಸಿದ ಮೇಲೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ಸಂದಿನಲ್ಲೇ ನುಗ್ಗಿ ಹೊಡೆದುಕೊಂಡು ಹೋಗುತ್ತಿದ್ದೆ. ಅವಳು ಕಾದಳು. ನನಗಾಗಿ ಕಾದಳು ಎನ್ನುವುದನ್ನು ಸಹಿಸುವುದು ಐವತ್ತೊಂದನ್ನು ಸಹಿಸುವುದಕ್ಕಿಂತ ಕಷ್ಟವಾಯಿತು.

ಫೋನು ಬಂತು. ಅವಳೇ. ಈ ಸಲ ಎತ್ತಿದೆ.

"ಕೇಳಿದ್ಯಾ ಅಕ್ಕಾ?"

"ಬಸ್ಸಲ್ಲಿದ್ದೇನೆ. ಇಲ್ಲಿ ಗಲಾಟೆ. ಎಂಥದೂ ಕೇಳಿಸ್ಲಿಲ್ಲ."

ಬಸ್ಸಿನಲ್ಲಿ ಅಂಥ ಗಲಾಟೆ ಏನೂ ಇರಲಿಲ್ಲ, ಅದು ಅವಳಿಗೂ ಕೇಳುತ್ತಿತ್ತು. ಅವಳು ಏನೂ ಹೇಳಲಿಲ್ಲ. ಫೋನನ್ನೂ ಇಡಲಿಲ್ಲ, ಸುಮ್ಮನೆ ಕೇಳಿಸಿಕೊಂಡು ಇದ್ದಳು. ರೇಡಿಯೊದಲ್ಲಿ ಅವಳಿಗೆ ಬರುವುದೆಲ್ಲ ನಾನು ಕಲಿಸಿದ್ದು, ಇದೊಂದು ಬಿಟ್ಟು.